ಕೆರೆ ದಂಡೆಯ ನಾಯಿಕಲ್ಲು

ಆಲಮಟ್ಟಿಯ ಉದ್ಯಾನ ತೋರಿಸಲು ಅತ್ತೆಯವರನ್ನು ಕಾರಿನಲ್ಲಿ ಕೂಡಿಸಿಕೊಂಡು ಮನಗೂಳಿಯಿಂದ ಹೊರಟಿದ್ದೆ. ನಾನು ಕಾರು ಕಲಿತು ಇನ್ನೂ ವರ್ಷವಾಗಿರಲಿಲ್ಲ. ಅತ್ತೆ ತೊಡೆಯ ಮೇಲೆ ಬುತ್ತಿಯ ಗಂಟು ಇಟ್ಟುಕೊಂಡು ಪಕ್ಕದಲ್ಲಿ ಕೂತಿದ್ದರು. ಊರು ದಾಟುತ್ತಲೇ, "ಮೊದಲ ಮುಳವಾಡದ ಕಡೆ ನಡಿ. ನಮ್ಮ ತವರಮನಿ ಕೆರಿ ತುಂಬೇತಂತ, ನೋಡಿ ಹೋಗೂಣು" ಎಂದರು.

ಅವರಿಗೆ ಗೊತ್ತಿದ್ದದ್ದು ಒಣಗಿದ ಕೆರೆ. ಹುಡುಗಿಯಾಗಿದ್ದಾಗ ಮನೆ ಸಾರಿಸಲು ಅಲ್ಲಿಂದಲೇ ಬುಟ್ಟಿಯಲ್ಲಿ ಮಣ್ಣು ಹೊತ್ತು ತರುತ್ತಿದ್ದರಂತೆ. ಏತ ನೀರಾವರಿಯ ಕಾಲುವೆ ಬಂದ ಮೇಲೆ ನೀರು ನಿಂತಿದೆ. ಇಬ್ಬರೂ ಒಡ್ಡು ಹತ್ತಿ ನಿಂತೆವು. ಆಚೆಯ ಜೋಳದ ಹೊಲಗಳವರೆಗೂ ನೀರು. ಅರ್ಧ ಮುಳುಗಿದ ಜಾಲಿಗಿಡಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ಇಷ್ಟು ಹತ್ತಿರ ಇದ್ದೂ ನಾನು ಒಮ್ಮೆಯೂ ಬಂದಿರಲಿಲ್ಲವಲ್ಲ ಅನ್ನಿಸಿತು.

ಒಡ್ಡಿನ ತುದಿಯಲ್ಲಿ ಭಂಡಾರದ ಅರಿಸಿನ ಬಳಿದ ಮೊಳದುದ್ದದ ಕಲ್ಲೊಂದಿತ್ತು. ಅದರ ಮುಂದೆ ರೊಟ್ಟಿಯ ಚೂರು. ಪಕ್ಕದಲ್ಲಿ ಕಂಬಳಿ ಹಾಸಿ ಕೂತಿದ್ದ ಮುದುಕ ಕುರಿಗಾರನನ್ನು ಕೇಳಿದೆ.

"ನಾಯಿಕಲ್ಲರಿ ಅಕ್ಕಾರ. ಮಳಿ ಇಲ್ಲದ ವರ್ಷ ಒಬ್ಬ ಕುರುಬನ ನಾಯಿ ದಿನಾ ಕಾಲಿಗೆ ಹಸಿ ಕೆಸರ ಮೆತ್ಕೊಂಡು ಬರ್ತಿತ್ತಂತ. ಬೆನ್ನ ಹತ್ತಿ ಹೋಗಿ ಅಗದ್ರ ನೀರಿನ ಸೆಲಿ ಸಿಕ್ತು. ಅಲ್ಲೇ ಊರವರು ಒಡ್ಡ ಹಾಕಿದ್ರು."

ಅತ್ತೆ ಸುಮ್ಮನಿರಲಿಲ್ಲ. "ಬರೇ ನಾಯಿ ಅನಬ್ಯಾಡ್ರಿ ಅಣ್ಣಾ. ಹೆಣ್ಣ ನಾಯಿ ಅದು, ಮರಿ ಹಾಕಿತ್ತು. ನಮ್ಮವ್ವ ಹೇಳ್ತಿದ್ದಳು."

ಮುದುಕ ಕೆರೆಯ ಕಡೆ ನೋಡುತ್ತ ಯೋಚಿಸಿದ. ವಾದಕ್ಕೆ ಬರುತ್ತಾನೇನೋ ಅಂದುಕೊಂಡೆ. "ಇರಬೇಕ್ರಿ," ಎಂದ. "ಹಾಲ ಕುಡಿಸೋ ತಾಯಿಗೆ ನೀರಡಿಕಿ ಭಾಳ."

ಅತ್ತೆಗೆ ಆ ಮಾತು ಹಿಡಿಸಿತು. ಬುತ್ತಿ ಬಿಚ್ಚಿ ಮೊದಲ ರೊಟ್ಟಿ ಕಲ್ಲಿನ ಮುಂದೆ ಇಟ್ಟರು, ಎರಡನೆಯದರ ಮೇಲೆ ಶೇಂಗಾ ಹಿಂಡಿ ಹಾಕಿ ಅವನ ಕೈಗೆ ಕೊಟ್ಟರು. ಮೂವರೂ ಅಲ್ಲೇ ಕೂತು ಉಂಡೆವು.

ಉಂಡಾದ ಮೇಲೆ ಅತ್ತೆ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಹಿಡಿದು ನೀರಿಗಿಳಿದರು. "ಬಾ ಇಲ್ಲಿ. ಮಣ್ಣ ಅಗಿತಿದ್ದದ್ದು ಇದ ಜಾಗಾದಾಗ" ಎಂದು ಕೈ ಚಾಚಿದರು. ಮದುವೆಯಾಗಿ ಹನ್ನೆರಡು ವರ್ಷವಾಗಿದ್ದರೂ ನಾನು ಅವರ ಕೈ ಹಿಡಿದದ್ದಿರಲಿಲ್ಲ. ಅವತ್ತು ಹಿಡಿದೆ. ಒರಟು ಕೈ, ಕಾಲ ಕೆಳಗೆ ಕೆಸರು ಜಾರಿದರೂ ಅದು ಅಲುಗಲಿಲ್ಲ. ಕಾರಿನಲ್ಲಿ ಅವರನ್ನು ಎಲ್ಲಿಗೆ ಬೇಕಾದರೂ ಕರೆದೊಯ್ಯುವವಳು ನಾನು ಎಂಬ ಸಣ್ಣ ಜಂಬವೊಂದು ನನಗಿತ್ತು. ನೀರಿನಲ್ಲಿ ನನ್ನನ್ನು ನಡೆಸಿದವರು ಅವರು.

ಆಲಮಟ್ಟಿ ತಲುಪುವಾಗ ಬಿಸಿಲು ಇಳಿದಿತ್ತು. ಅತ್ತೆ ರಾಕ್ ಗಾರ್ಡನ್ ಪೂರ್ತಿ ಸುತ್ತಿದರು. ನಾನು ಅರ್ಧಕ್ಕೇ ಬೆಂಚು ಹಿಡಿದೆ. ಹೊರಬಂದು ಬಿಸಿ ಮಿರ್ಚಿ ಬಜ್ಜಿ ತಿನ್ನುತ್ತ, "ಛಲೋ ಐತಿ. ಮುಂದಿನ ರವಿವಾರ ಎಲ್ಲಿಗ್ಹೋಗೂಣು?" ಎಂದು ಕೇಳಿದರು.