ಬೀರವ್ವನ ತುರಾಯಿ ಹುಲ್ಲು

ಚಚಡಿಯ ಬೀರವ್ವ ಬಾವಿದಂಡೆಯ ಪಟ್ಟಿಯಲ್ಲಿ ಮೊದಲು ಸೇವಂತಿಗೆ, ಗಲಾಟೆ ಹೂ ಮಾತ್ರ ಬೆಳೆಯುತ್ತಿದ್ದಳು. ಬೈಲಹೊಂಗಲದಲ್ಲಿ ಮದುವೆ ಮಂಟಪ ಸಿಂಗರಿಸುವ ಪೂನಮ್ ಒಮ್ಮೆ ಕೆನ್ನೀಲಿ ಎಲೆಯ ಹುಲ್ಲಿನ ಕೆಲವು ಬುಡ ಕೊಟ್ಟು, ಇದನ್ನೂ ಬೆಳೆಸು, ಹೂಗುಚ್ಛಕ್ಕೆ ಬೇಕು ಎಂದಳು. ಅಂದಿನಿಂದ ಬೀರವ್ವನಿಗೆ ಅದರದೇ ಧ್ಯಾನ. ಮುಂಗಾರು ಹಿಡಿಯುತ್ತಲೇ ಬುಡ ಸೀಳಿ ನೆಡುವಳು, ನೀರು ನಿಲ್ಲದಂತೆ ಬುಡಕ್ಕೆ ಮಣ್ಣು ಏರಿಸುವಳು, ಒಣಗಿದ ಗರಿಗಳನ್ನು ಬೆರಳಿನಿಂದ ಬಾಚಿ ತೆಗೆಯುವಳು. ಬರಬರುತ್ತ ಪಟ್ಟಿ ತುಂಬಿ, ನರಿಬಾಲದಂಥ ತುರಾಯಿಗಳು ಗಾಳಿಗೆ ತೂಗತೊಡಗಿದವು. ಕಳೆ ಸಾಕುತ್ತಾಳೆ ಎಂದು ಊರು ನಕ್ಕಿತು. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ಸಲ ಶ್ರಾವಣದಲ್ಲಿ ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆಂದು ರಾಮದುರ್ಗಕ್ಕೆ ಹೋಗಿ ಬಂದು ನೋಡಿದರೆ, ಪಟ್ಟಿ ಬೋಳು. ಆಗಷ್ಟೇ ತುರಾಯಿ ಇಣುಕುತ್ತಿದ್ದ ಹುಲ್ಲನ್ನೆಲ್ಲ ಮೈದುನ ಭೀಮಶಿ ಕೊಯ್ದು ಎಮ್ಮೆಗೆ ಹಾಕಿದ್ದ. ಎಮ್ಮೆ ಅರ್ಧ ತಿಂದು ಅರ್ಧ ತುಳಿದಿತ್ತು.

ಬೀರವ್ವನ ಮೈ ಉರಿಯಿತು. ಕೈಚೀಲವನ್ನೂ ಇಳಿಸದೆ ಅವನೆದುರು ನಿಂತಳು.

“ಹುಲ್ಲ ಹೌದಲ್ಲ ವೈನಿ, ಮತ್ತ ಚಿಗೀತೈತಿ ಬಿಡ್ರಿ,” ಎಂದು ನಕ್ಕ ಭೀಮಶಿ.

“ನಾಳಿ ನಿನ್ನ ಗೋವಿನಜ್ವಾಳದ ಎಳಿ ತೆನಿ ಕೊಯ್ದು ನಾ ಎಮ್ಮಿಗೆ ಹಾಕತೇನಿ. ಅದೂ ಹುಲ್ಲಿನ ಜಾತೀನ. ಆಗ ಹಿಂಗ ನಗ್ತೀಯೇನು?”

ಅವನ ನಗು ಅಲ್ಲಿಗೇ ನಿಂತಿತು. ಆದರೆ ಗಂಡ ಶಟ್ಟೆಪ್ಪ, ಹುಲ್ಲಿಗಾಗಿ ಮನೆಯಲ್ಲಿ ಜಗಳವೇಕೆ ಎಂದದ್ದು ಆಕೆಗೆ ಹೆಚ್ಚು ಚುಚ್ಚಿತು. ಪ್ರತಿ ಹಂಗಾಮಿಗೆ ಆ ತುರಾಯಿಗಳನ್ನು ಬೈಕಿಗೆ ಕಟ್ಟಿ ಬೈಲಹೊಂಗಲಕ್ಕೆ ಒಯ್ಯುತ್ತಿದ್ದವನು ಅವನೇ. ಮರುದಿನ, ಕೊಡಬೇಕಿದ್ದ ತುರಾಯಿ ಇಲ್ಲದೆ, ತಾನು ಮಾಡದ ತಪ್ಪಿಗೆ ಪೂನಮ್‌ಳ ಮುಂದೆ ತಲೆ ತಗ್ಗಿಸಿ ನಿಂತವಳು ಮಾತ್ರ ಬೀರವ್ವ.

ಅಲ್ಲಿಂದ ಬಂದವಳೇ ಗಂಡ, ಮೈದುನ ಇಬ್ಬರಿಗೂ ಹೇಳಿದಳು: ಪಟ್ಟಿಗೆ ಬೇಲಿ ಹಾಕುವ ತನಕ ನಿಮ್ಮ ಹೊಲದ ಕಳೆ ತೆಗೆಯಲು ನಾನು ಬರುವುದಿಲ್ಲ. ಬೆದರಿಕೆ ಎಂದುಕೊಂಡರು. ಆಕೆ ನಿಜಕ್ಕೂ ಹೋಗಲಿಲ್ಲ. ಸೋಯಾ ಹೊಲದಲ್ಲಿ ಕಳೆ ಮೊಣಕಾಲಿಗೆ ಬಂದಾಗ ಭೀಮಶಿ ತಾನೇ ಜಾಲಿಮುಳ್ಳು ಕಡಿದು ತಂದು, ಕೈ ಗೀರಿಸಿಕೊಂಡು ಬೇಲಿ ಕಟ್ಟಿದ.

ದೀಪಾವಳಿಗೆ ತುರಾಯಿ ಬಂದವು, ಮೊದಲಿನಷ್ಟು ಅಲ್ಲ. ಉದುರುವ ಮುನ್ನ ಕೊಯ್ದು, ಕಟ್ಟು ಕಟ್ಟಿ, ನೆರಳಲ್ಲಿ ತಲೆಕೆಳಗಾಗಿ ತೂಗುಹಾಕಿದಳು. ಭೀಮಶಿ ಈಗಲೂ ಬರುತ್ತಾನೆ, ಪಡಸಾಲೆಯಲ್ಲಿ ಕುಳಿತುಕೊಳ್ಳುತ್ತಾನೆ. ಚಹಾ ಮಾತ್ರ ಮಗಳು ಮಂಜುಳಾ ತಂದುಕೊಡಬೇಕು. ಬೀರವ್ವ ಒಳಗಿನಿಂದ ಎದ್ದು ಬರುವುದಿಲ್ಲ.