ಓದದೆ ಬಿಟ್ಟ ಎರಡು ಸಾಲು

ಹೋದ ವರ್ಷ ದೀಪಾವಳಿ ಕಳೆದ ವಾರ. ಕತ್ತಲಗೆರೆ ಹತ್ತಿರದ ನಮ್ಮೂರ ಕೆರೆ ತುಂಬಿತ್ತು. ಬೆಳಿಗ್ಗೆ ಹಾಲು ಕಾಯಿಸುತ್ತಿದ್ದೆ. ಮೈದುನ ಮಂಜು ಫೋನ್ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದ. ಮೋಟಾರು ದೋಣಿಯ ಹಿಂದೆ ಹಗ್ಗ ಹಿಡಿದು, ಹಲಗೆಯ ಮೇಲೆ ನಿಂತು ನೀರಲ್ಲಿ ಜಾರುವವನ ಚಿತ್ರ. ಕೆಳಗೆ ಇಂಗ್ಲಿಷ್ ಬರಹ. ಕಾನ್ವೆಂಟಿನಲ್ಲಿ ಓದಿದವಳೆಂದು ಮನೆಯಲ್ಲಿ ಇಂಥದ್ದೆಲ್ಲ ನನ್ನ ಪಾಲಿಗೆ.

ಆ ಆಟಕ್ಕೆ ವೇಕ್‌ಬೋರ್ಡಿಂಗ್ ಎಂದು ಹೆಸರು. ಓಡುವ ದೋಣಿಯ ಹಿಂದೆ ಏಳುವ ಅಲೆಯೇ ವೇಕ್, ಬೋರ್ಡ್ ಅಂದರೆ ಹಲಗೆ ಎಂದು ಹೇಳಿದೆ. ಕಡಲ ಅಲೆಗಳ ಮೇಲೆ ಹಲಗೆಯಲ್ಲಿ ಜಾರುತ್ತಿದ್ದವರು, ಅಲೆ ಏಳದ ದಿನ ದೋಣಿಗೆ ಹಗ್ಗ ಕಟ್ಟಿ ಎಳೆಸಿಕೊಂಡರಂತೆ. ಆಮೇಲೆ ಹಲಗೆಗೆ ಪಾದ ಸಿಕ್ಕಿಸುವ ಪಟ್ಟಿ ಬಂತಂತೆ.

“ನಮ್ ಗದ್ದೆ ಸಮ ಮಾಡೋ ಹಲಗೆನೂ ಹಿಂಗೇ ಅಲ್ಲೇನ್ರಿ ಅತ್ತಿಗೆ? ಎತ್ತಿನ ಬದ್ಲು ದೋಣಿ ಐತೆ, ಅಷ್ಟೆ.”

ಕೆಸರುಗದ್ದೆಯಲ್ಲಿ ಎತ್ತುಗಳ ಹಿಂದೆ ಹಲಗೆ ಮೇಲೆ ನಿಲ್ಲುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಬರಹದಲ್ಲಿ ಇನ್ನೆರಡು ಸಾಲು ಉಳಿದಿತ್ತು. ಅಷ್ಟರಲ್ಲಿ ಹಾಲು ಉಕ್ಕಿತು. ಆ ಸಾಲುಗಳ ಮೇಲೆ ಸುಮ್ಮನೆ ಕಣ್ಣಾಡಿಸಿ, ಮತ್ತೇನಿಲ್ಲ ಎಂದು ಫೋನ್ ಕೊಟ್ಟುಬಿಟ್ಟೆ.

ಭಾನುವಾರ ಮಂಜು ಹಲಗೆಯೊಂದಕ್ಕೆ ಹಳೇ ಟ್ಯೂಬಿನ ಪಟ್ಟಿ ಹೊಡೆದು ತಂದ. ಮೀನು ಹಿಡಿಯುವ ರುದ್ರಣ್ಣ ತನ್ನ ಮೋಟಾರು ದೋಣಿ ಬಿಡಲು ಒಪ್ಪಿದ್ದ. ವಿಡಿಯೋ ತೆಗೆಯಲು ನಾನೂ ಹತ್ತಿದೆ. ರುದ್ರಣ್ಣ ಹಿಂದುಗಡೆ ಮೋಟಾರಿನ ಹಿಡಿ ಹಿಡಿದು ಮುಂದೆ ನೋಡುತ್ತಿದ್ದ; ನಾನು ಅವನಿಗೆ ಎದುರಾಗಿ ಕುಳಿತು ಮಂಜುವನ್ನು ನೋಡುತ್ತಿದ್ದೆ.

ಎರಡು ಸಲ ಹಗ್ಗ ಕೈಯಿಂದ ಜಾರಿ ಮಂಜು ಬಿದ್ದ. ಮೂರನೇ ಸಲ ಹಗ್ಗವನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡ. ಎದ್ದು ನಿಂತ. ಒಂದು ಗಳಿಗೆ ನಿಜಕ್ಕೂ ಜಾರಿದ. ಆಮೇಲೆ ಹಲಗೆ ವಾಲಿತು. ಮಂಜು “ಹೋ, ಹೋ” ಎಂದು ಕೂಗಿದ, ಎತ್ತು ನಿಲ್ಲಿಸುವ ಹಾಗೆ. ತಮಾಷೆಯೆಂದು ನಾನು ನಕ್ಕೆ.

ಅವನು ಬಿದ್ದ. ಹಗ್ಗ ಮಾತ್ರ ಬಿಗಿಯಾಗಿಯೇ ಇತ್ತು. ನೀರಿನ ಮೇಲೆ ಒಂದು ಕೈ ಅಷ್ಟೇ ಕಾಣುತ್ತಿತ್ತು, ತಲೆ ಇಲ್ಲ. ಓದದೆ ಬಿಟ್ಟ ಸಾಲು ಆಗ ನೆನಪಾಯಿತು. ನಿಲ್ಲಿಸು ಎಂದು ಕಿರುಚಿದೆ. ಮೋಟಾರಿನ ಸದ್ದಿನಲ್ಲಿ ಮಾತು ಕೇಳಿಸಲಿಲ್ಲ. ನನಗೆ ವೇಗದ ಭಯವೆಂದುಕೊಂಡು ರುದ್ರಣ್ಣ ನಗುತ್ತಾ, “ಹೆದರ್‌ಬ್ಯಾಡ್ರಿ ಅಕ್ಕಾರೆ, ಏನೂ ಆಗಾಕಿಲ್ಲ” ಅಂದ. ಫೋನ್ ಬಿಸಾಕಿ, ಮೊಣಕಾಲಲ್ಲೇ ತೆವಳಿ, ಹಿಡಿಯ ಮೇಲಿದ್ದ ಅವನ ಕೈಯನ್ನು ಎರಡೂ ಕೈಯಿಂದ ಕಿತ್ತೆಳೆದೆ. ಅವನು ತಿರುಗಿ ನೋಡಿದ. ಮೋಟಾರು ನಿಂತಿತು.

ಹಗ್ಗ ಸಡಿಲವಾಯಿತು. ಮಂಜು ಮೇಲೆ ಬರಲಿಲ್ಲ. ಇಬ್ಬರೂ ಹಗ್ಗ ಎಳೆದೆವು. ಬೆರಳುಗಳು ಮೊದಲು ಕಂಡವು, ಆಮೇಲೆ ಮುಖ. ದೋಣಿಗೆ ಎಳೆದು ಮಗ್ಗುಲಿಗೆ ಹೊರಳಿಸಿದಾಗ ನೀರು ಕಾರಿಕೊಂಡು ಕೆಮ್ಮಿದ. ಆ ಕೆಮ್ಮು ಕೇಳಿ ನಾನು ಅತ್ತುಬಿಟ್ಟೆ.

ಸಂಜೆ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದವನ ಎದುರು ನನ್ನ ತಪ್ಪು ಹೇಳಿಕೊಂಡೆ. “ಈಗ ಓದ್ರಿ” ಅಂದ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಬಿದ್ದ ಕೂಡಲೇ ಬಿಟ್ಟುಬಿಡಬೇಕು ಎಂದಿತ್ತು.

“ಗದ್ದೆಯಾಗೆ ಹಗ್ಗ ಬಿಟ್ರೆ ಎತ್ತು ಓಡ್ತಾವೆ ಅಂತ ಅಪ್ಪ ಹೊಡ್ದು ಕಲ್ಸಿದ್ದ ಅತ್ತಿಗೆ” ಎಂದಷ್ಟೇ ಹೇಳಿದ.

ಕಾಫಿ ಲೋಟಕ್ಕೆ ಅವನು ಕೈ ಚಾಚಿದಾಗಲೆಲ್ಲ ಮಣಿಕಟ್ಟಿನಲ್ಲಿ ಹಗ್ಗ ಕೊರೆದ ಎರಡು ಗೆರೆ ಕಾಣುತ್ತವೆ. ಈಗ ಔಷಧಿ ಚೀಟಿಯಾದರೂ ಸರಿ, ಕೊನೆಯ ಸಾಲಿನವರೆಗೆ ಓದಿ ಹೇಳುತ್ತೇನೆ. ಹಾಲು ಉಕ್ಕಿದರೆ ಉಕ್ಕಲಿ.