ಒಂದು ವರ್ಷದ ಸವತಿ

ಒಬ್ಬ ಹೆಂಗಸು ಬೇಗ ಸಾಯುತ್ತಾಳೆಂಬ ಭರವಸೆಯ ಮೇಲೆ ನನ್ನ ಮದುವೆ ನಿಶ್ಚಯವಾಯಿತು.

ಆಗ ಯುದ್ಧದ ಕಾಲ. ಜಗಳೂರಿನ ನಮ್ಮ ಮನೆಗೆ ನ್ಯಾಮತಿಯಿಂದ ಗಂಡಿನ ಕಡೆಯವರು ಬಂದಿದ್ದರು. ಅವರೂ ನಮ್ಮಂತೆ ಪಿಂಜಾರರು, ಬಿಲ್ಲಿನಿಂದ ಹತ್ತಿ ಹಿಂಜಿ ಗಾದಿ ಹೊಲಿಯುವವರು. ಹುಡುಗನಿಗೆ ಮೊದಲ ಹೆಂಡತಿ ಇದ್ದಾಳೆಂದು ತಿಳಿದು ಅಪ್ಪ ಹಿಂದೇಟು ಹಾಕಿದ. ಹುಡುಗನ ತಾಯಿ ದನಿ ತಗ್ಗಿಸಿ, "ಅವ್ಳಿಗೆ ಉಚ್ಚೆ ಹೊಯ್ಯೋ ಜಾಗದಾಗೆ ಕ್ಯಾನ್ಸರ್ ಐತೆ. ದೊಡ್ಡ ಡಾಕ್ಟ್ರು ಒಂದ್ ವರ್ಷ ಅಂದಾರೆ. ನಿಮ್ ಹುಡುಗಿ ಸವತಿ ಮುಖ ನೋಡೋದು ಅಷ್ಟೇ ದಿನ" ಎಂದಳು. ಅಪ್ಪ ಒಪ್ಪಿದ. ನಿಖಾ ಆಯಿತು.

ನ್ಯಾಮತಿಗೆ ಹೋದ ಮಾರನೆಯ ದಿನ ಅತ್ತೆ ನನ್ನ ಕೈಗೆ ಮುದ್ದೆಯ ತಟ್ಟೆ ಕೊಟ್ಟು ಹಿತ್ತಲ ಕೋಣೆಗೆ ಕಳಿಸಿದಳು. ಮೂಳೆಗೂಡೊಂದು ಚಾಪೆಗೆ ಅಂಟಿಕೊಂಡಿರುತ್ತದೆ ಎಂದುಕೊಂಡು ಬಾಗಿಲು ದೂಡಿದೆ. ಅವಳು ನೆಟ್ಟಗೆ ಕೂತು ಕೌದಿ ಹೊಲಿಯುತ್ತಿದ್ದಳು. ಮುಖ ಬಿಳಿಚಿತ್ತು, ಆದರೆ ಸೂಜಿ ಹಿಡಿದ ಬೆರಳು ನಡುಗುತ್ತಿರಲಿಲ್ಲ. ಸೀರೆಯ ಸಂದಿನಿಂದ ಒಂದು ಕೆಂಪು ರಬ್ಬರ್ ಕೊಳವೆ ಇಳಿದು ಪಕ್ಕದ ಸೀಸೆಯೊಳಗೆ ಹೋಗಿತ್ತು.

"ನಾನಿನ್ನೂ ಸತ್ತಿಲ್ಲ ಅಂತ ಬ್ಯಾಸರ ಮಾಡ್ಕೋಬ್ಯಾಡ ಕಣವ್ವ" ಎಂದಳು.

ಆಮೇಲಾಮೇಲೆ ಅವಳೇ ಎಲ್ಲ ಹೇಳಿದಳು. ಮೊದಲು ಅಲಸಂದೆ ಕಾಳಿನಷ್ಟು ಕೆಂಪು ಗುಳ್ಳೆ ಇತ್ತಂತೆ. ಮೂತ್ರಕ್ಕೆ ಕೂತರೆ ಮೆಣಸಿನಪುಡಿ ಎರಚಿದ ಉರಿ, ಕೊನೆಗೆ ಎರಡು ಹನಿ ರಕ್ತ. ನಾಚಿಕೆಗೆ ಯಾರಿಗೂ ಹೇಳಲಿಲ್ಲ. ಬಟ್ಟೆ ನೋಡಿ ಅತ್ತೆಗೇ ಗೊತ್ತಾಯಿತು. ಹೊನ್ನಾಳಿಯಲ್ಲಿ ಮನೆಯಲ್ಲೇ ಔಷಧಿ ಕೊಡುತ್ತಿದ್ದ ಒಬ್ಬ ಡಾಕ್ಟರು ಪರದೆಯ ಆಚೆಯಿಂದಲೇ ನಾಲ್ಕು ಮಾತು ಕೇಳಿ, ಇದು ಗರ್ಮಿ ರೋಗ, ಗಂಡಸರ ಸಹವಾಸದಿಂದ ಬರುವಂಥದ್ದು ಎಂದ. ಸೂಜಿ ಚುಚ್ಚಿದ, ನೇರಳೆ ಬಣ್ಣದ ನೀರಲ್ಲಿ ತೊಳೆಯಲು ಹೇಳಿದ, ಸುಡುವ ಔಷಧಿಯನ್ನು ಸೂಲಗಿತ್ತಿಯ ಕೈಯಿಂದ ಹಚ್ಚಿಸಿದ. ಅಂದಿನಿಂದ ಅವಳ ತಟ್ಟೆ ಬೇರೆ, ಕೋಣೆ ಬೇರೆ. "ಯಾವನ ಹತ್ರ ಹೋಗಿದ್ದೆ ಹೇಳೇ" ಎಂದು ಅತ್ತೆ ಓಣಿಗೆ ಕೇಳುವಂತೆ ಕೂಗುತ್ತಿದ್ದಳು.

ಒಂದು ದಿನ ಮೂತ್ರ ಪೂರಾ ಕಟ್ಟಿತು. ಆಗ ಮಾತ್ರ ಗಂಡ ಅವಳನ್ನು ದೂರದ ಮಿಷನ್ ಆಸ್ಪತ್ರೆಗೆ ಒಯ್ದ. ಅಲ್ಲಿನ ಲೇಡಿ ಡಾಕ್ಟರು ಗಡ್ಡೆಯಿಂದ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಹೆಂಗಸರಿಗೆ ಆ ಜಾಗದಲ್ಲಿ ಕ್ಯಾನ್ಸರ್ ಬರುವುದು ಬಲು ಅಪರೂಪ, ಇದರಲ್ಲಿ ನಿನ್ನ ನಡತೆಯ ಮಾತೇ ಇಲ್ಲ ಎಂದರಂತೆ. ಕೆಳಹೊಟ್ಟೆಗೆ ತೂತು ಮಾಡಿ ಮೂತ್ರ ಹೊರಬರಲು ಕೊಳವೆ ಇಟ್ಟರು. ಗಡ್ಡೆ ಸುಡಲೆಂದು ಅದರ ಸುತ್ತ ರೇಡಿಯಂ ಸೂಜಿಗಳನ್ನು ನೆಟ್ಟು ದಾರದಿಂದ ಹೊಲಿದರು. ಕಾಲು ಅಲುಗಿಸದೆ ಅವಳು ದಿನಗಟ್ಟಲೆ ಒಬ್ಬಳೇ ಮಲಗಿದ್ದಳು. ರೇಡಿಯಂ ಕಿರಣ ತಾಗೀತೆಂದು ನರ್ಸುಗಳು ಕೂಡ ಓಡಿ ಬಂದು ಓಡಿ ಹೋಗುತ್ತಿದ್ದರು. "ಒಳಗೆ ಒಲೆ ಹಚ್ಚಿಟ್ಟಂಗಿತ್ತು" ಎಂದಳು.

ಗಡ್ಡೆ ತೊಡೆಸಂದಿಗೆ ಇಳಿದಿದ್ದರೆ ಒಂದು ವರ್ಷ, ಇಳಿಯದಿದ್ದರೆ ಬಹಳ ಕಾಲ ಬದುಕಬಹುದು ಎಂದು ಡಾಕ್ಟರು ಹೇಳಿದ್ದರು. ಗಂಡ ಆ ಮಾತಿನ ಮೊದಲರ್ಧವನ್ನು ಮಾತ್ರ ಊರಿಗೆ ತಂದ. ಚನ್ನಗಿರಿಯ ಅವಳ ಅಣ್ಣಂದಿರಿಗೆ ಹೇಳಿ ಕಳಿಸಿದರೆ, "ಮಣ್ಣಿಗೆ ಬರ್ತೀವಿ, ಆಗ ಹೇಳ್ರಿ" ಎಂದರು.

ವರ್ಷ ಕಳೆಯಿತು. ಅವಳು ಸಾಯಲಿಲ್ಲ. ಅತ್ತೆ ಬೆಳಿಗ್ಗೆ ಎದ್ದವಳೇ ಆ ಬಾಗಿಲಲ್ಲಿ ನಿಂತು, "ಐದೀಯಾ?" ಎಂದು ಕೇಳುತ್ತಿದ್ದಳು. "ಐದೀನಿ ಅತ್ತಿ" ಎಂದು ಒಳಗಿನಿಂದ ಉತ್ತರ ಬರುತ್ತಿತ್ತು.

ಮತ್ತೊಂದು ವರ್ಷವೂ ಮುಗಿಯುತ್ತ ಬಂದಾಗ ಗಂಡ ಅವಳನ್ನು ಮಿಷನ್ ಆಸ್ಪತ್ರೆಗೆ ತೋರಿಸಿಕೊಂಡು ಬರಲು ಹೊರಟ. ಅವಳನ್ನು ಎತ್ತಿ ಇಳಿಸಲು ನನ್ನನ್ನೂ ಕರೆದುಕೊಂಡ. ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಹೊಗೆ ಕುಡಿಯುತ್ತ ಹೋದೆವು. ಲೇಡಿ ಡಾಕ್ಟರು ಒಳಗೆ ಬಹಳ ಹೊತ್ತು ಪರೀಕ್ಷೆ ಮಾಡಿ, ನಗುತ್ತ ಹೊರಗೆ ಬಂದರು. ಗಡ್ಡೆ ಕರಗಿದೆ, ತೊಡೆಸಂದಿಯಲ್ಲೂ ಏನಿಲ್ಲ ಎಂದರು.

ಗಂಡನ ಮುಖ ಕಪ್ಪಿಟ್ಟಿತು. "ಹಂಗಾದ್ರೆ ಯಾವಾಗ್ರೀ?" ಎಂದು ಕೇಳಿದ.

ಅವರು ಕೊಳವೆಯ ಮಾತೆಂದು ತಿಳಿದರು. "ಕೊಳವೆ ತೆಗೆಯುವ ಹಾಗಿಲ್ಲಪ್ಪ. ದಾರಿ ಸುಟ್ಟು ಮುಚ್ಚಿಹೋಗಿದೆ. ತಿಂಗಳು ತಿಂಗಳು ಬದಲಾಯಿಸಿದರೆ ಎಲ್ಲರ ಹಾಗೆ ಬಾಳುತ್ತಾಳೆ."

ಬರುವಾಗ ಬಸ್ಸಿನಲ್ಲಿ ಅವನು ನಮ್ಮಿಬ್ಬರ ಹತ್ತಿರ ಕೂರಲಿಲ್ಲ. ಅವಳು ನನ್ನ ಕೈ ಒತ್ತಿ, "ನೋಡಿದೆಯಾ ಮುಖಾನ? ನಾನು ಬದುಕಿ ಅವ್ರಿಗೆ ಮೋಸ ಮಾಡ್ದಂಗಾತು" ಎಂದಳು.

ಮೊದಲಿನಿಂದಲೂ ಹೊನ್ನಾಳಿಯಲ್ಲಿ ಒಬ್ಬ ನರ್ಸಮ್ಮ ಕೊಳವೆ ಬದಲಿಸುತ್ತಿದ್ದಳು. ಇನ್ನೂ ಕೆಲವು ತಿಂಗಳು ಕರೆದುಕೊಂಡು ಹೋದರು. ಆಮೇಲೆ ಯುದ್ಧದಿಂದ ರಬ್ಬರು ಸಿಗುತ್ತಿಲ್ಲ ಎಂಬ ನೆವ ಬಂತು, ಬಸ್ಸಿಲ್ಲ ಎಂಬ ನೆವ ಬಂತು. ಕೊಳವೆ ತೊಳೆಯಲು ನಾನು ನೀರು ಕುದಿಸಿದರೆ, "ಹೆಣ ತೊಳ್ಯೋ ನೀರಿಗೆ ಸೌದೆ ಉಳೀಲಿ ಬಿಡು" ಎಂದು ಅತ್ತೆ ಉರಿಯುವ ಕೊಳ್ಳಿ ಎಳೆದು ಹಾಕುತ್ತಿದ್ದಳು. ನೆರೆಮನೆಯ ಒಲೆಯಲ್ಲಿ ಕುದಿಸಿ ತರುತ್ತಿದ್ದೆ. ಅಷ್ಟರಲ್ಲಿ ನನಗೆ ದಿನ ತುಂಬುತ್ತ ಬಂದು ಜಗಳೂರಿಗೆ ಹೆರಿಗೆಗೆ ಕಳಿಸಿದರು. ಹೊರಡುವಾಗ ಗಂಡನಿಗೆ ಹೇಳಿದೆ, "ಈ ತಿಂಗಳು ಬದಲಾಯಿಸಾಕೆ ಕರ್ಕೊಂಡು ಹೋಗ್ರಿ. ಮರೀಬ್ಯಾಡ್ರಿ." ಹೂಂ ಎಂದ.

ಅವಳು ಸತ್ತ ಸುದ್ದಿ ಬಂದಾಗ ನಾನು ಬಾಣಂತಿ. ನಲವತ್ತು ದಿನ ತೀರುವ ಮೊದಲೇ ಅಪ್ಪನನ್ನು ಕಾಡಿ ಗಾಡಿ ಕಟ್ಟಿಸಿಕೊಂಡು ಬಂದೆ. ಮಣ್ಣು ಮಾಡುವ ಮುಂಚೆ ಮಯ್ಯತ್ತು ತೊಳೆದಿದ್ದ ನೆರೆಮನೆಯಾಕೆ ನನ್ನನ್ನು ಓಣಿಯಲ್ಲೇ ಮರೆಗೆ ಕರೆದು ಹೇಳಿದಳು. ಕೊಳವೆಯೊಳಗೆ ಸುಣ್ಣದಂಥ ಕಲ್ಲು ಕಟ್ಟಿಕೊಂಡಿತ್ತಂತೆ. ಹೊಟ್ಟೆ ಬಿಂದಿಗೆಯಂತೆ ಊದಿ, ಚಳಿಜ್ವರದಲ್ಲಿ ಅವಳು ಹಗಲಿಡೀ ಚೀರಿದ್ದಾಳೆ. ಗಂಡ ಪಡಸಾಲೆಯಲ್ಲಿ ಹತ್ತಿ ಹಿಂಜುತ್ತ ಕೂತಿದ್ದ. ಬಿಲ್ಲಿನ ಸದ್ದಿಗೆ ಬೀದಿಯವರಿಗೆ ಏನೂ ಕೇಳಿಸಲಿಲ್ಲ.

ನಾನು ಮನೆ ಸೇರಿದಾಗ ಪಡಸಾಲೆಯಲ್ಲಿ ಜನ ಕೂತಿದ್ದರು. ಚನ್ನಗಿರಿಯ ಅಣ್ಣಂದಿರೂ ಇದ್ದರು. ಕ್ಯಾನ್ಸರ್ ಬಂದವಳನ್ನು ಇಷ್ಟು ವರ್ಷ ಸಾಕಿದ ಪುಣ್ಯಾತ್ಮ ಎಂದು ಗಂಡನನ್ನು ಹೊಗಳುತ್ತಿದ್ದರು. ಅವನು ತಲೆ ತಗ್ಗಿಸಿ ಕೇಳುತ್ತಿದ್ದ.

ಕೂಸನ್ನು ಎದೆಗವಚಿಕೊಂಡು ನಿಂತೇ ಹೇಳಿದೆ. "ಕ್ಯಾನ್ಸರ್ ಯಾವತ್ತೋ ಹೋಗಿತ್ತು. ಕೊಳವೆ ಬದಲಾಯಿಸಾಕೆ ಯಾರೂ ಕರ್ಕೊಂಡು ಹೋಗ್ಲಿಲ್ಲ. ಅದಕ್ಕೆ ಸತ್ಲು."

ಅವಳ ದೊಡ್ಡಣ್ಣ ಅತ್ತೆಯ ಕಡೆ ತಿರುಗಿ, "ಹಸಿ ಬಾಣಂತಿ, ತಲೆಗೆ ಗಾಳಿ ಹೊಡ್ದೈತೆ. ಒಳಗೆ ಕರ್ಕೊಂಡು ಹೋಗ್ರಿ" ಎಂದ. ಅತ್ತೆ ನನ್ನ ರಟ್ಟೆ ಹಿಡಿದು ಹಿತ್ತಲಿಗೆ ನಡೆಸಿಕೊಂಡು ಹೋಗಿ, ಖಾಲಿಯಾಗಿದ್ದ ಆ ಕೋಣೆಗೆ ನೂಕಿ ಚಿಲಕ ಹಾಕಿದಳು. ಕೂಸು ಅಳುತ್ತಿತ್ತು. ನೆಲದ ಮೇಲೆ ಕೂತು ಹಾಲೂಡಿಸಿದೆ.